ಎಂಟು ಮೂಲೆಯ ಕೊಳ

ಮಿಲಾನ್ ನಗರ. ಕ್ರಿ.ಶ. 387ರ ಏಪ್ರಿಲ್ 24, ಶನಿವಾರ ರಾತ್ರಿ. ನೀವು ಸಾಲಿನಲ್ಲಿ ನಿಂತಿದ್ದೀರಿ. ಸುಮ್ಮನೆ ನೋಡಿಹೋಗಲು ಬಂದವರನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ಹಾಗಾಗಿ ನೀವೂ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟವರೇ ಆಗಬೇಕು. ಹೊಟ್ಟೆಗೆ ಏನೂ ಬಿದ್ದಿಲ್ಲ. ಮುಂದೆ, ಮಹಾದೇವಾಲಯದ ಮಗ್ಗುಲಲ್ಲಿ, ಎಂಟು ಮೂಲೆಯ ಕಟ್ಟಡವೊಂದು ಕದ ಮುಚ್ಚಿಕೊಂಡು ನಿಂತಿದೆ.

ತಪಸ್ಸುಕಾಲದುದ್ದಕ್ಕೂ ಉಪವಾಸದ ಜೊತೆ ಸ್ನಾನವನ್ನೂ ಬಿಡುವುದು ಈ ಕಾಲದಲ್ಲಿ ಬಹಳ ಕಡೆ ರೂಢಿ. ಹಾಗೇ ಬಂದು ಕೊಳಕ್ಕಿಳಿದರೆ ಪಕ್ಕದವರು ಮೂಗು ಮುಚ್ಚಿಕೊಳ್ಳಬೇಕಾದೀತೆಂದು ಪಾಸ್ಕಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಮುಂಚಿನ ಗುರುವಾರ ಮೈ ತೊಳೆದುಕೊಳ್ಳುತ್ತಾರೆ. ಯಾವ ಧರ್ಮಗ್ರಂಥವೂ ಹೇಳದ ಈ ಸಂಗತಿಯನ್ನು ಮುಂದೊಂದು ದಿನ ಪತ್ರದಲ್ಲಿ ಬರೆದಿಡುವವನು ನಿಮ್ಮ ಮುಂದೆಯೇ ನಿಂತಿದ್ದಾನೆ. ವಯಸ್ಸು 32. ಉತ್ತರ ಆಫ್ರಿಕಾದ ತಾಗಾಸ್ತೆಯವನು. ಹೋದ ವರ್ಷದ ದ್ರಾಕ್ಷಿ ಸುಗ್ಗಿಯ ರಜೆವರೆಗೂ ಈ ಊರಿನ ಸರ್ಕಾರಿ ವಾಕ್‌ಶಾಸ್ತ್ರದ ಮೇಷ್ಟ್ರು. ಎದೆನೋವು, ಉಸಿರು ಹಿಡಿಯುತ್ತದೆ ಎಂದು ಹೇಳಿ ಕೆಲಸ ಬಿಟ್ಟ. ಎದೆನೋವು ನಿಜವೇ, ಆದರೆ ಅದೊಂದೇ ಕಾರಣವಲ್ಲ. ಹೆಸರು ಅಗಸ್ಟೀನ್. ಇನ್ನೂ ಸಂತನಲ್ಲ, ಬಿಷಪ್ಪನೂ ಅಲ್ಲ. ಅವನ ಪಕ್ಕ ಮಗ ಅದಿಯೋದಾತುಸ್, ಹದಿನೈದರ ಹುಡುಗ. ಹುಡುಗನ ತಾಯಿಯನ್ನು ಆಫ್ರಿಕಾಕ್ಕೆ ವಾಪಸು ಕಳಿಸಿಯಾಗಿದೆ. ಅಷ್ಟು ಪುಟ ಬರೆದ ಅಗಸ್ಟೀನ್ ಆಕೆಯ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಇನ್ನೊಬ್ಬ ಗೆಳೆಯ ಅಲೀಪಿಯಸ್, ಇಟಲಿಯ ಹೆಪ್ಪುಗಟ್ಟಿದ ನೆಲದ ಮೇಲೆ ಬರಿಗಾಲಲ್ಲಿ ನಡೆದು ಮೈ ಪಳಗಿಸಿದವನು. ಈ ರಾತ್ರಿಯ ಮಂದಿಯಲ್ಲಿ ನಮಗೆ ಗೊತ್ತಿರುವ ಹೆಸರುಗಳು ಈ ಮೂರೇ. ಹೆಸರು ಉಳಿಯದ ಮಿಕ್ಕವರಲ್ಲಿ ನೀವೊಬ್ಬರು.

ಕ್ರೈಸ್ತ ತಾಯಿಯ ಮಗ ಮೂವತ್ತೆರಡರ ತನಕ ದೀಕ್ಷಾಸ್ನಾನವಿಲ್ಲದೆ ಉಳಿದದ್ದು ಹೇಗೆ ಎಂದು ನೀವು ಕೇಳಬಹುದು. ಇಲ್ಲಿ ಯಾರೂ ಕೇಳುವುದಿಲ್ಲ. ಅವನು ಚಿಕ್ಕವನಿದ್ದಾಗ ಹೊಟ್ಟೆನೋವು ಬಂದು ಸಾಯುವಂತಾಯಿತು. ದೀಕ್ಷಾಸ್ನಾನ ಕೊಡಿಸಿರೆಂದು ತಾನೇ ಬೇಡಿದ. ತಾಯಿ ಮೋನಿಕಾ ಓಡಾಡಿ ಎಲ್ಲ ಸಿದ್ಧಮಾಡುವಷ್ಟರಲ್ಲಿ ನೋವು ಇಳಿಯಿತು, ಸ್ನಾನ ಮುಂದಕ್ಕೆ ಹೋಯಿತು. ಕೊಳದಿಂದೆದ್ದ ಮೇಲೆ ಘೋರ ಪಾಪ ಮಾಡಿದರೆ ಅದಕ್ಕೆ ಬಹಿರಂಗ ಪ್ರಾಯಶ್ಚಿತ್ತ, ಅದೂ ಬದುಕಿನಲ್ಲಿ ಒಂದೇ ಸಲ. ಇಂಥ ಕಟ್ಟುನಿಟ್ಟಿದ್ದರೆ ಜನ ಏನು ಮಾಡಿಯಾರು? ಯೌವನ ಕಳೆಯಲಿ ಎಂದು ಕಾಯುತ್ತಾರೆ. ಕಾನ್‌ಸ್ಟಂಟೈನ್ ಚಕ್ರವರ್ತಿಯೇ 337ರಲ್ಲಿ ಮರಣಶಯ್ಯೆಯ ತನಕ ಕಾದ.

ಬಿಷಪ್ ಅಂಬ್ರೋಸ್ ಬಂದರು. ನಿಮ್ಮ ಕಿವಿ ಮುಟ್ಟಿದರು, ಆಮೇಲೆ ಮೂಗಿನ ಹೊಳ್ಳೆ. ಯೇಸು ಕಿವುಡ-ಮೂಕನನ್ನು ಗುಣಪಡಿಸುವಾಗ ಆಡಿದ ಮಾತನ್ನೇ ಆಡಿ, ತೆರೆದುಕೊ ಎನ್ನುತ್ತಾರೆ. ಸುವಾರ್ತೆಯಲ್ಲಿ ಯೇಸು ಮುಟ್ಟಿದ್ದು ನಾಲಿಗೆಯನ್ನು. ಇವರು ಬಾಯಿ ಬಿಟ್ಟು ಮೂಗಿಗೆ ಬಂದದ್ದೇಕೆ? ಸಾಲಿನಲ್ಲಿ ಹೆಂಗಸರೂ ಇದ್ದಾರೆ, ಬಿಷಪ್ಪನಾದವನು ಅವರ ಬಾಯಿ ಮುಟ್ಟುವುದು ಚೆಂದವಲ್ಲ ಎಂದು ಆಮೇಲೆ ಅವರೇ ವಿವರಿಸುತ್ತಾರೆ. ಮೂಗಾದರೆ ದೇವಕೃಪೆಯ ಪರಿಮಳ ಹಿಡಿಯಲಿಕ್ಕಾಯಿತು. ಮೊದಲು ಮರ್ಯಾದೆ, ಆಮೇಲೆ ಅದಕ್ಕೊಂದು ಅರ್ಥ. ಸಂಸ್ಕಾರಗಳ ಚರಿತ್ರೆಯಲ್ಲಿ ಈ ಅನುಕ್ರಮವನ್ನು ಮತ್ತೆ ಮತ್ತೆ ಕಾಣುತ್ತೇವೆ.

ಈ ಮನುಷ್ಯನ ಕಥೆಯೂ ಕಾನೂನಿಗೆ ಸರಿಹೊಂದುವಂಥದ್ದಲ್ಲ. 374ರಲ್ಲಿ ಇವರು ಈ ಪ್ರಾಂತದ ರಾಜ್ಯಪಾಲ. ಬಿಷಪ್ ಆಯ್ಕೆಯ ಗದ್ದಲ ತಣ್ಣಗಾಗಿಸಲು ದೇವಾಲಯಕ್ಕೆ ಹೋದವರನ್ನೇ ಜನ ಬಿಷಪ್ ಎಂದು ಕೂಗಿ ಹಿಡಿದುಹಾಕಿದರು. ಆಗ ಇವರಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ಹೊಸದಾಗಿ ದೀಕ್ಷೆ ಪಡೆದವರನ್ನು ಆತುರದಿಂದ ಬಿಷಪ್ ಮಾಡಬಾರದು ಎಂದು ನಿಕೇಯಾ ಮಹಾಸಭೆ 325ರಲ್ಲೇ ಕಟ್ಟಳೆ ಹಾಕಿತ್ತು. ಮಿಲಾನಿನವರು ಸ್ನಾನ ಮಾಡಿಸಿ, ಒಂದು ವಾರದೊಳಗೆ ಪೀಠವೇರಿಸಿದರು.

ಕದ ತೆರೆಯಿತು. ಒಳಗೆ ಎಣ್ಣೆದೀಪಗಳು. ಇದೇ ಆವರಣದಲ್ಲಿ ಒಂದೆರಡು ವರ್ಷದ ಹಿಂದೆ ಅಂಬ್ರೋಸ್ ಹೀಗೇ ದೀಕ್ಷಾರ್ಥಿಗಳಿಗೆ ವಿಶ್ವಾಸಪ್ರಮಾಣ ಕಲಿಸುತ್ತಿದ್ದಾಗ, ಅರಮನೆಯ ಅಧಿಕಾರಿಗಳು ಬಂದು ಇನ್ನೊಂದು ದೇವಾಲಯವನ್ನು ವಶಮಾಡಿಕೊಳ್ಳುತ್ತಿದ್ದಾರೆಂಬ ಸುದ್ದಿ ಬಂದಿತ್ತು. ರಾಜಮಾತೆ ಯುಸ್ತೀನಾಗೆ, ಕ್ರಿಸ್ತನನ್ನು ತಂದೆಗೆ ಸಮನೆನ್ನದ ಏರಿಯನ್ ಪಂಥದವರಿಗೊಂದು ದೇವಾಲಯ ಬೇಕಿತ್ತು, ಅಂಬ್ರೋಸ್ ಕೊಡಲಿಲ್ಲ. ಜನ ಹಗಲುರಾತ್ರಿ ಒಳಗೇ ಕೂತು ಕಾವಲು ಕಾದರು. ಬೇಸರ ಕಳೆಯಲೆಂದು ಅಂಬ್ರೋಸ್ ಅವರಿಂದ ಹಾಡಿಸಿದರು. ಆ ಹಾಡುಗಳಿಗೆ ಅಗಸ್ಟೀನ್ ಈ ದಿನಗಳಲ್ಲಿ ಅಳುತ್ತಾನೆ.

ವಿಶ್ವಾಸಪ್ರಮಾಣ ನಿಮಗೂ ಬಾಯಿಪಾಠವಿದೆ. ಬರೆದುಕೊಳ್ಳಲು ಬಿಟ್ಟಿಲ್ಲ. ಬರೆದರೆ ಹೊರಗಿನವರ ಕೈಗೆ ಸಿಕ್ಕೀತು. ಅದಕ್ಕಿಂತ ಹೆಚ್ಚಾಗಿ, ಬರೆದಿಟ್ಟವನು ದಿನಾ ಮೆಲುಕು ಹಾಕುವುದಿಲ್ಲ.

ಸೇವಕಗುರುವೊಬ್ಬರು, ಅವರ ಹಿಂದೆ ಯಾಜಕರೊಬ್ಬರು ಎದುರಾಗಿ ಎಣ್ಣೆ ಹಚ್ಚುತ್ತಾರೆ. ಅಖಾಡಕ್ಕಿಳಿಯುವ ಜಟ್ಟಿಗೆ ಹಚ್ಚುವ ಎಣ್ಣೆ ಇದು ಎನ್ನುವುದು ಅಂಬ್ರೋಸರ ವಿವರಣೆ. ಆಮೇಲೆ ಪ್ರಶ್ನೆ. ಸೈತಾನನನ್ನೂ ಅವನ ಕೆಲಸಗಳನ್ನೂ ತ್ಯಜಿಸುವೆಯಾ? ತ್ಯಜಿಸುತ್ತೇನೆ. ಲೋಕವನ್ನೂ ಅದರ ಭೋಗಗಳನ್ನೂ? ತ್ಯಜಿಸುತ್ತೇನೆ. ಹೇಳಿ ಪೂರ್ವಕ್ಕೆ ತಿರುಗುತ್ತೀರಿ. ಹಿಂದೆ ಕೋರ್ಟು-ಕಚೇರಿ ನಡೆಸಿದ ಅಂಬ್ರೋಸ್ ಇದನ್ನು ಸಾಲಪತ್ರದ ಭಾಷೆಯಲ್ಲೇ ಹೇಳುತ್ತಾರೆ: ಕೊಟ್ಟ ಮಾತು ದಾಖಲಾಗಿದೆ, ಬರೆದುಕೊಂಡವರು ಈ ಲೋಕದವರಲ್ಲ, ಪತ್ರ ತಪ್ಪಿದರೆ ವಸೂಲಿ ತಪ್ಪದು. ಇಂದಿನ ಕಥೋಲಿಕ ಧರ್ಮಸಭೆಯ ಕಾನೂನುಸಂಹಿತೆ, 1983ರದ್ದು, ಇದನ್ನೇ ಒಣ ವಾಕ್ಯಕ್ಕಿಳಿಸಿದೆ. ವಯಸ್ಕನು ದೀಕ್ಷಾಸ್ನಾನ ಪಡೆಯಬೇಕಾದರೆ ತನ್ನ ಇಚ್ಛೆಯನ್ನು ತಾನೇ ತಿಳಿಸಿರಬೇಕು, ಉಪದೇಶ ಪಡೆದಿರಬೇಕು, ಕ್ರೈಸ್ತ ಬದುಕಿನಲ್ಲಿ ಪರೀಕ್ಷೆಗೊಳಗಾಗಿರಬೇಕು ಎನ್ನುತ್ತದೆ 865ನೇ ವಿಧಿ. ಎಣ್ಣೆ, ಕತ್ತಲೆ, ಪೂರ್ವದಿಕ್ಕು ಅದರಲ್ಲಿಲ್ಲ. ಇರಬೇಕಾಗಿಯೂ ಇಲ್ಲ; ಕಾನೂನಿನ ಕೆಲಸ ಬೇರೆ.

ಈಗ ಕೊಳ. ಅದಕ್ಕೂ ಎಂಟು ಮೂಲೆ. ಏಳು ದಿನಕ್ಕೆ ಸೃಷ್ಟಿ ಮುಗಿಯಿತು, ಕ್ರಿಸ್ತ ಎದ್ದದ್ದು ಎಂಟನೆಯದರಲ್ಲಿ, ಅಂದರೆ ಹೊಸ ವಾರದ ಮೊದಲ ದಿನ. ಹೊಸ ಸೃಷ್ಟಿಯ ಲೆಕ್ಕ ಎಂಟರದ್ದು. ಅಂಬ್ರೋಸ್ ನೀರಿನ ಮೇಲೆ ಪ್ರಾರ್ಥಿಸುತ್ತಾರೆ. ಆದಿಯಲ್ಲಿ ನೀರಿನ ಮೇಲೆ ಸುಳಿದ ಆತ್ಮ, ಜಲಪ್ರಳಯ ಮತ್ತು ಪಾರಿವಾಳ, ಕೆಂಪುಸಮುದ್ರ, ಮೋಶೆ ಮರದ ತುಂಡು ಹಾಕಿ ಸಿಹಿಮಾಡಿದ ಕಹಿನೀರು, ಕುಷ್ಠ ಕಳೆದುಕೊಂಡ ನಾಮಾನ. ಇವೆಲ್ಲ ಈ ಕೊಳದ ಪೂರ್ವಕಥೆಗಳು. ಬರಿಯ ನೀರು ಗುಣ ಕೊಡದು, ಆತ್ಮ ಇಳಿದ ನೀರು ಕೊಡುತ್ತದೆ ಎನ್ನುವುದು ತಾತ್ಪರ್ಯ.

ಬಟ್ಟೆ ಕಳಚಿ ಇಳಿಯುತ್ತೀರಿ. ಸರ್ವಶಕ್ತನಾದ ತಂದೆದೇವರನ್ನು ನಂಬುತ್ತೀಯಾ? ನಂಬುತ್ತೇನೆ. ತಲೆ ನೀರಿನೊಳಕ್ಕೆ. ನಮ್ಮ ಪ್ರಭು ಯೇಸುಕ್ರಿಸ್ತನನ್ನೂ ಆತನ ಶಿಲುಬೆಯನ್ನೂ? ನಂಬುತ್ತೇನೆ. ಮತ್ತೆ ಒಳಕ್ಕೆ. ಪವಿತ್ರಾತ್ಮನನ್ನು? ಮೂರನೆಯ ಸಲ. ಕೊಳ ಸಮಾಧಿ ಎಂದು ಅಂಬ್ರೋಸ್ ಮುಲಾಜಿಲ್ಲದೆ ಹೇಳುತ್ತಾರೆ; ಪೌಲನ ರೋಮನರಿಗೆ ಪತ್ರದ ಆರನೇ ಅಧ್ಯಾಯದ ಮಾತೇ ಅದು. ಇಳಿದವನು ಕ್ರಿಸ್ತನ ಜೊತೆ ಸತ್ತ, ಎದ್ದವನು ಅವನ ಜೊತೆ ಎದ್ದ.

ಗಮನಿಸಿದಿರಾ? ‘ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂದು ಇಲ್ಲಿ ಯಾರೂ ಹೇಳಲಿಲ್ಲ. ಪ್ರಶ್ನೆ, ಉತ್ತರ, ಮುಳುಗು. ಮಂತ್ರವೂ ಅದೇ, ಕ್ರಿಯೆಯೂ ಅದೇ. ಆ ವಾಕ್ಯ ಪಶ್ಚಿಮದ ವಿಧಿಯಲ್ಲಿ ಸ್ಥಿರವಾದದ್ದು ಆಮೇಲೆ. ಸ್ಥಿರವಾದ ಮೇಲೆ ಒಂದು ಪದವನ್ನೂ ಅಲುಗಿಸುವಂತಿಲ್ಲ. 2020ರಲ್ಲಿ ವ್ಯಾಟಿಕನ್ನಿನ ವಿಶ್ವಾಸಬೋಧನೆಯ ಇಲಾಖೆ ‘ನಾವು ಕೊಡುತ್ತೇವೆ’ ಎಂದು ಹೇಳಿ ಮಾಡಿದ ದೀಕ್ಷಾಸ್ನಾನ ಅಸಿಂಧು ಎಂದು ತೀರ್ಪಿತ್ತಿತು. ಸ್ನಾನ ಮಾಡಿಸುವವನು ಕ್ರಿಸ್ತನೇ, ಯಾಜಕನ ಬಾಯಲ್ಲಿ ನುಡಿಯುವವನೂ ಅವನೇ. ಕೂಡಿದ ಮಂದಿಯಲ್ಲ ಎನ್ನುವುದು ಕಾರಣ. ಅಮೆರಿಕದ ಡೆಟ್ರಾಯಿಟ್ ಧರ್ಮಪ್ರಾಂತದ ಯುವಗುರುವೊಬ್ಬರು ತಮ್ಮ ಎಳವೆಯ ವಿಡಿಯೋ ತೆಗೆದು ನೋಡಿದರೆ ಅದರಲ್ಲಿದ್ದದ್ದು ‘ನಾವು’. ದೀಕ್ಷಾಸ್ನಾನವಿಲ್ಲದವನಿಗೆ ಬೇರಾವ ಸಂಸ್ಕಾರವೂ ಹತ್ತದು. ಹೀಗಾಗಿ ಅವರು ಗುರುವೂ ಆಗಿರಲಿಲ್ಲ. ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಮತ್ತೆ ಗುರುದೀಕ್ಷೆ ಎಂದು ಎಲ್ಲವನ್ನೂ ಮೊದಲಿಂದ ಪಡೆಯಬೇಕಾಯಿತು. ಒಂದು ಸರ್ವನಾಮಕ್ಕೆ ಇಷ್ಟು ತೂಕವೇ ಎಂದು ನಗಬಹುದು. ಆದರೆ ಕೊಟ್ಟ ಮಾತೇ ದಾಖಲೆಯಾಗುವ ಕಡೆ ಪದಗಳಿಗೆ ತೂಕವಿರಲೇಬೇಕು. ಈ ವಿಷಯದಲ್ಲಿ ನಾನು ಕಾನೂನಿನ ಪಕ್ಷ.

ನಿಮ್ಮ ಮುಂದಿನವನು ನೀರಿನಿಂದೆದ್ದ. ಇನ್ನು ಹತ್ತು ವರ್ಷಕ್ಕೆ ಶುರುವಾಗುವ ಆತ್ಮಕಥನದಲ್ಲಿ ಅವನು ಈ ಸ್ನಾನಕ್ಕೆ ಕೊಟ್ಟ ಜಾಗ ಬಹಳ ಕಡಿಮೆ. ದೀಕ್ಷೆಯಾಯಿತು, ಹಿಂದಿನ ಬಾಳಿನ ಕಳವಳ ಹೋಯಿತು, ಅಷ್ಟೆ. ಬೇರೊಬ್ಬನ ದೀಕ್ಷಾಸ್ನಾನಕ್ಕೆ ಇದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದಾನೆ. ತಾಗಾಸ್ತೆಯ ಪ್ರಾಣಸ್ನೇಹಿತ ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ ಮನೆಯವರು ಸ್ನಾನ ಕೊಡಿಸಿದರು. ಎಚ್ಚರವಾದ ಮೇಲೆ ಅಗಸ್ಟೀನ್ ತಮಾಷೆ ಮಾಡಲು ಹೋದ: ಗೊತ್ತೇ ಆಗದೆ ಪಡೆದದ್ದು ಎಂಥ ದೀಕ್ಷೆ? ಗೆಳೆಯ ವೈರಿಯನ್ನು ನೋಡುವಂತೆ ನೋಡಿ, ಸ್ನೇಹ ಬೇಕಿದ್ದರೆ ಈ ಮಾತು ಬೇಡ ಎಂದ. ಕೆಲವೇ ದಿನಕ್ಕೆ ತೀರಿಕೊಂಡ.

ಆ ಪೆಟ್ಟು ಅಗಸ್ಟೀನನ ದೇವಶಾಸ್ತ್ರದೊಳಗೆ ಇಳಿಯಿತೆಂದೇ ನನಗನ್ನಿಸುತ್ತದೆ. ಮುಂದೆ ಹಿಪ್ಪೋದ ಬಿಷಪ್ಪನಾಗಿ ಅವನು ದೊನಾಟಿಸ್ಟರ ಜೊತೆ ಗುದ್ದಾಡಬೇಕಾಗುತ್ತದೆ. ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥ ಒಪ್ಪಿಸಿದವರ ಕೈಯಿಂದ ಬಂದ ಸಂಸ್ಕಾರ ಹೊಲಸು, ಮತ್ತೆ ಸ್ನಾನ ಮಾಡಿಸಬೇಕು ಎನ್ನುವವರು ಅವರು. ಅವರ ಕೈಯಲ್ಲಿ ಮೂರನೇ ಶತಮಾನದ ಹುತಾತ್ಮ, ಕಾರ್ಥೇಜಿನ ಬಿಷಪ್ ಸಿಪ್ರಿಯಾನನ ಮಾತಿತ್ತು. ಅಗಸ್ಟೀನ್ ಸಿಪ್ರಿಯಾನನಿಗೆ ಕೈಮುಗಿದು, ರೋಮಿನ ಹಳೆಯ ಪದ್ಧತಿಯ ಪಕ್ಷ ಹಿಡಿದ. ಕೊಡುವವನು ಕುಡುಕನಾಗಿರಲಿ, ಕೊಲೆಗಡುಕನಾಗಿರಲಿ, ಸ್ನಾನ ಕ್ರಿಸ್ತನದು. ಓಡಿಹೋದ ಸೈನಿಕನ ಮೈಮೇಲೂ ಚಕ್ರವರ್ತಿಯ ಹಚ್ಚೆ ಇರುತ್ತದೆ. ಅವನು ಮರಳಿ ಬಂದಾಗ ಹೊಸ ಹಚ್ಚೆ ಹಾಕುವುದಿಲ್ಲ. ಅಳಿಯದ ಮುದ್ರೆಯ ಈ ವಾದವೇ ಇಂದು 845ನೇ ವಿಧಿ: ದೀಕ್ಷಾಸ್ನಾನ, ದೃಢೀಕರಣ, ಗುರುದೀಕ್ಷೆ ಈ ಮೂರನ್ನು ಎರಡನೇ ಸಲ ಕೊಡುವಂತಿಲ್ಲ. 861ನೇ ವಿಧಿ ಇನ್ನೂ ದೂರ ಹೋಗುತ್ತದೆ. ತುರ್ತು ಬಂದರೆ ಯಾವ ಮನುಷ್ಯನಾದರೂ ಸ್ನಾನ ಕೊಡಬಹುದು, ಸರಿಯಾದ ಉದ್ದೇಶವಿದ್ದರೆ ಸಾಕು. ಮಂಗಳೂರಿನ ಆಸ್ಪತ್ರೆಯಲ್ಲಿ ನಡುರಾತ್ರಿ ಕೂಸೊಂದು ಕೈತಪ್ಪುತ್ತಿದ್ದರೆ, ಕ್ರೈಸ್ತ ತಾಯಿ ಕೇಳಿಕೊಂಡದ್ದರಿಂದ ಹಿಂದೂ ನರ್ಸಮ್ಮ ಬಟ್ಟಲು ನೀರು ಹೊಯ್ದು, ಧರ್ಮಸಭೆ ಮಾಡುವುದನ್ನೇ ಮಾಡುತ್ತೇನೆಂಬ ಮನಸ್ಸಿನಿಂದ ಆ ವಾಕ್ಯ ಹೇಳಿದರೆ ಅದು ಪೂರ್ಣ ದೀಕ್ಷಾಸ್ನಾನ. ಕೂಸು ಉಳಿದರೆ ಇಗರ್ಜಿಯಲ್ಲಿ ಮತ್ತೆ ನೀರು ಹೊಯ್ಯುವುದಿಲ್ಲ.

ಕೊಳದ ಅಂಚಿಗೆ ಬನ್ನಿ, ನೀರು ಇಳಿಯುತ್ತಿರಲಿ. ಅಂಬ್ರೋಸ್ ನಿಮ್ಮ ತಲೆಯ ಮೇಲೆ ಪರಿಮಳದ ತೈಲ ಸುರಿಯುತ್ತಾರೆ. ಆಮೇಲೆ ನಡು ಕಟ್ಟಿಕೊಂಡು ಬಗ್ಗಿ ಕಾಲು ತೊಳೆಯುತ್ತಾರೆ. ಶುರುಮಾಡುವವರು ಬಿಷಪ್, ಉಳಿದವರ ಕಾಲು ಯಾಜಕರ ಪಾಲಿಗೆ. ಈಗಷ್ಟೇ ಇಡೀ ಮೈ ಮುಳುಗಿಸಿ ಬಂದವರ ಕಾಲನ್ನು ಮತ್ತೆ ತೊಳೆಯುವುದೇಕೆ? ಆದಾಮನ ಹಿಮ್ಮಡಿಗೆ ಹಾವು ವಿಷವಿಟ್ಟಿತಲ್ಲ, ಅಲ್ಲಿಗೊಂದು ಹೆಚ್ಚಿನ ರಕ್ಷೆ ಎನ್ನುತ್ತಾರೆ ಅಂಬ್ರೋಸ್. ರೋಮಿನಲ್ಲಿ ಈ ಪದ್ಧತಿ ಇಲ್ಲ, ಅಲ್ಲಿಯವರಿಗೆ ಇದು ಅತಿಥಿಸತ್ಕಾರದಂತೆ ಕಾಣುತ್ತದೆಂಬುದೂ ಅವರಿಗೆ ಗೊತ್ತು. ಅವರ ಉತ್ತರ ಹೀಗೆ: ಎಲ್ಲದರಲ್ಲೂ ರೋಮನ್ನು ಅನುಸರಿಸುವ ಆಸೆ ನಮಗಿದೆ, ಆದರೆ ನಮಗೂ ಬುದ್ಧಿಯಿದೆಯಲ್ಲ. ಮೋನಿಕಾಳಿಗೂ ಇದೇ ಧಾಟಿಯಲ್ಲಿ ಹೇಳಿದ್ದರು. ರೋಮಿನಲ್ಲಿ ಶನಿವಾರ ಉಪವಾಸ, ಮಿಲಾನಿನಲ್ಲಿ ಇಲ್ಲ, ನಾನೇನು ಮಾಡಲಿ ಎಂದು ಆಕೆ ಗೊಂದಲಕ್ಕೆ ಬಿದ್ದಾಗ, ಯಾವ ಊರಲ್ಲಿದ್ದೀಯೋ ಆ ಊರಿನಂತೆ ನಡೆ ಎಂದಿದ್ದರು. ನಾಲ್ಕನೇ ಶತಮಾನದ ಧರ್ಮಸಭೆ ಎಲ್ಲೆಡೆ ಒಂದೇ ಅಚ್ಚಿನಲ್ಲಿತ್ತು ಎನ್ನುವವರು ಈ ಒದ್ದೆ ಪಾದವನ್ನು ನೋಡಬೇಕು.

ಬಿಳಿ ಬಟ್ಟೆ ಉಡಿಸುತ್ತಾರೆ. ಬಿಷಪ್ ಪವಿತ್ರಾತ್ಮನ ಏಳು ವರಗಳನ್ನು ಕರೆದು ಮುದ್ರೆ ಒತ್ತುತ್ತಾರೆ: ಜ್ಞಾನ, ವಿವೇಕ, ಸಮಾಲೋಚನೆ, ಶಕ್ತಿ, ಅರಿವು, ಭಕ್ತಿ, ದೈವಭಯ. ಕೊಳದ ಕೆಲಸಕ್ಕೆ ಪೂರ್ತಿ ಕೂಡಿಸುವ ಮುದ್ರೆ ಎಂದು ಅಂಬ್ರೋಸ್ ಹೇಳುತ್ತಾರೆಯೇ ಹೊರತು, ಇದನ್ನು ದೃಢೀಕರಣ ಎಂಬ ಬೇರೆಯದೇ ಸಂಸ್ಕಾರವೆಂದು ಎಣಿಸಿ ಅಂಕಿ ಹಾಕುವುದಿಲ್ಲ. ನಿಲ್ಲಿಸಿ ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ, ಮೆರವಣಿಗೆ ಆಗಲೇ ಹೊರಟಿದೆ.

ಮಹಾದೇವಾಲಯದೊಳಗೆ ಬರುತ್ತೀರಿ. ಮೋನಿಕಾ ಅಲ್ಲೆಲ್ಲೋ ವಿಶ್ವಾಸಿಗಳ ಗುಂಪಿನಲ್ಲಿದ್ದಾಳೆ. ಈ ರಾತ್ರಿಗಾಗಿ ಮೆಡಿಟರೇನಿಯನ್ ದಾಟಿ ಬಂದವಳು, ಇದೇ ವರ್ಷ ಓಸ್ತಿಯಾ ಬಂದರಿನಲ್ಲಿ ತೀರಿಕೊಳ್ಳುವವಳು. ಅಗಸ್ಟೀನ್ ಈ ದೇವಾಲಯಕ್ಕೆ ಹೊಸಬನಲ್ಲ. ಅಂಬ್ರೋಸರ ಪ್ರಸಂಗ ಕೇಳಲು ಎಷ್ಟೋ ಭಾನುವಾರ ಬಂದಿದ್ದಾನೆ. ಆದರೆ ಪ್ರಸಂಗ ಮುಗಿದೊಡನೆ ದೀಕ್ಷೆಯಾಗದವರೆಲ್ಲ ಎದ್ದು ಹೋಗಬೇಕು, ಹಿಂದೆ ಬಾಗಿಲು ಮುಚ್ಚುತ್ತದೆ. ಒಳಗೆ ಬಲಿಪೀಠದ ಮೇಲೆ ಏನು ನಡೆಯುತ್ತದೆಂದು ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇವತ್ತು ಬಾಗಿಲಿನ ಒಳಬದಿಯಲ್ಲಿದ್ದೀರಿ. ರೊಟ್ಟಿ, ಪಾತ್ರೆ, ಪ್ರಾರ್ಥನೆ. ಕ್ರಿಸ್ತನ ಶರೀರ ಎನ್ನುತ್ತಾರೆ, ಆಮೆನ್ ಎಂದು ಕೈ ಒಡ್ಡುತ್ತೀರಿ.

ಅರ್ಥ ಯಾರೂ ಹೇಳಿಕೊಟ್ಟಿಲ್ಲ. ಹೇಳುವುದು ನಾಳೆಯಿಂದ, ಪಾಸ್ಕದ ವಾರದಲ್ಲಿ. ಅಂಬ್ರೋಸ್ ಇಂಥ ವಾರಗಳಲ್ಲಿ ಕೊಟ್ಟ ಉಪದೇಶಗಳೇ ‘ಸಂಸ್ಕಾರಗಳನ್ನು ಕುರಿತು’, ‘ರಹಸ್ಯಗಳನ್ನು ಕುರಿತು’ ಎಂಬ ಎರಡು ಕೃತಿಗಳಾಗಿ ಉಳಿದು ಬಂದಿವೆ. ಈ ರಾತ್ರಿಯ ವಿವರಗಳೆಲ್ಲ ನಮಗೆ ಸಿಗುವುದು ಬಹುತೇಕ ಅವುಗಳಿಂದ. ಮೊದಲೇ ವಿವರಿಸುವುದಕ್ಕಿಂತ, ಅರಿಯದವರೊಳಗೆ ಬೆಳಕು ತಾನಾಗಿ ಹೊಕ್ಕರೆ ಚೆನ್ನ ಎನ್ನುವುದು ಅವರ ನಂಬಿಕೆ. ಮೊದಲು ಪುಸ್ತಕ, ಆಮೇಲೆ ಪರೀಕ್ಷೆ, ಕೊನೆಗೆ ಸಂಸ್ಕಾರ ಎನ್ನುವ ಇಂದಿನ ಸತ್ಯೋಪದೇಶ ತರಗತಿಗಳ ಮೇಷ್ಟ್ರುಗಳು ಇದನ್ನು ಒಪ್ಪಲಿಕ್ಕಿಲ್ಲ.

ನೀರು, ಮುದ್ರೆ, ರೊಟ್ಟಿ, ಎಲ್ಲ ಒಂದೇ ರಾತ್ರಿ ಮುಗಿಯಿತು. ಒಂದೇ ಕೈ, ಬಿಷಪ್ಪನದು. ಇಲ್ಲಿಂದ ಮುಂದೆ ಆದದ್ದನ್ನು ವೇಗವಾಗಿ ಹೇಳಬಹುದು. ಕ್ರೈಸ್ತರು ಹೆಚ್ಚಿದರು, ಹಳ್ಳಿ ಹಳ್ಳಿಗೆ ಹಬ್ಬಿದರು, ಬಿಷಪ್ ಒಬ್ಬನೇ. ಪೂರ್ವದ ಸಭೆಗಳು, ಮೂರನ್ನೂ ಊರಿನ ಯಾಜಕನೇ ಕೊಡಲಿ, ಬಿಷಪ್ ಪವಿತ್ರೀಕರಿಸಿದ ತೈಲ ಜೊತೆಗಿದ್ದರೆ ಸಾಕು ಎಂದವು. ರೋಮ್ ಬೇರೆ ದಾರಿ ಹಿಡಿಯಿತು. ಗುಬ್ಬಿಯೋ ಎಂಬ ಊರಿನ ಬಿಷಪ್ ಕೇಳಿದ ಪ್ರಶ್ನೆಗೆ 416ರಲ್ಲಿ ಪೋಪ್ ಒಂದನೇ ಇನ್ನೊಸೆಂಟ್ ಬರೆದ ಉತ್ತರ ಉಳಿದಿದೆ. ಸ್ನಾನ ಮಾಡಿಸಿದ ಯಾಜಕ ತೈಲ ಹಚ್ಚಬಹುದು, ಆದರೆ ಹಣೆಗೆ ಹಚ್ಚಕೂಡದು. ಹಣೆ ಬಿಷಪ್ಪನಿಗೆ ಮೀಸಲು. ಆಗ ಹೇಳುವ ಮಾತುಗಳನ್ನು ಪತ್ರದಲ್ಲಿ ಬರೆಯಲಾರೆ, ಗುಟ್ಟು ಬಿಟ್ಟುಕೊಟ್ಟಂತಾದೀತು ಎಂದೂ ಸೇರಿಸಿದರು.

ಇದರ ನಡುವೆ ನಮ್ಮ ಅಗಸ್ಟೀನನ ಪಾತ್ರವಿದೆ. ಹುಟ್ಟಿದ ಕೂಸಿಗೂ ಆದಾಮನ ಪಾಪ ಅಂಟಿರುತ್ತದೆ, ಸ್ನಾನವಿಲ್ಲದೆ ಸತ್ತರೆ ರಕ್ಷಣೆಯಿಲ್ಲ ಎಂದು ಅದನ್ನು ಒಪ್ಪದ ಪೆಲಾಗಿಯಸನ ಕಡೆಯವರ ವಿರುದ್ಧ ವಾದಿಸಿ ಗೆದ್ದವನು ಅವನೇ. ತಾನು ಮೂವತ್ತೆರಡರ ತನಕ ಕಾದು, ಪಾಸ್ಕದ ರಾತ್ರಿ ಬಿಷಪ್ಪನ ಕೈಯಲ್ಲಿ ಮೂರನ್ನೂ ಪಡೆದವನು, ಮುಂದಿನ ಶತಮಾನಗಳ ತಾಯಂದಿರಿಗೆ ಒಂದು ವಾರವೂ ಕಾಯುವ ಧೈರ್ಯ ಉಳಿಯದಂತೆ ಮಾಡಿದ. ಪಾಸ್ಕಕ್ಕೆ ಕಾಯುವಂತಿಲ್ಲ, ಬಿಷಪ್ಪನಿಗೂ ಕಾಯುವಂತಿಲ್ಲ, ಕೂಸಿಗೆ ತಕ್ಷಣ ನೀರು ಬೇಕು. ನೀರು ಮುಂದೆ ಓಡಿತು, ಮುದ್ರೆ ಹಿಂದುಳಿಯಿತು. ಕೂಸುಗಳಿಗೆ ಪರಮಪ್ರಸಾದವೂ ಬೇಕು ಎಂದು ಅವನು ಅಷ್ಟೇ ಗಟ್ಟಿಯಾಗಿ ಹೇಳಿದ್ದ. ಪಶ್ಚಿಮ ಅದನ್ನು ಕ್ರಮೇಣ ಮರೆಯಿತು. 1215ರ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯ ಪರಮಪ್ರಸಾದದ ಕಟ್ಟಳೆಯನ್ನು ವಿವೇಕ ಬಂದ ವಯಸ್ಸಿಗೆ ಕಟ್ಟಿತು. ಆ ವಯಸ್ಸು ಹತ್ತು, ಹನ್ನೆರಡು, ಹದಿನಾಲ್ಕಕ್ಕೆ ಏರುತ್ತ ಹೋದಾಗ 1910ರಲ್ಲಿ ಪೋಪ್ ಹತ್ತನೇ ಪಯಸ್ ಸುಮಾರು ಏಳಕ್ಕೆ ಇಳಿಸಿದರು. ಒಳ್ಳೆಯ ಕೆಲಸವೇ. ಆದರೆ ದೃಢೀಕರಣ ಇದ್ದಲ್ಲೇ ಇತ್ತು. ಹೀಗಾಗಿ ಬಹಳ ಕಡೆ ಕೊನೆಯದು ನಡುವಿಗೆ ಬಂತು, ನಡುವಿನದು ಕೊನೆಗೆ ಹೋಯಿತು. ಇವತ್ತು ಧಾರೆ, ಏಳು ವರ್ಷಕ್ಕೆ ಊಟ, ಹದಿನಾಲ್ಕಕ್ಕೆ ತಾಳಿ ಎಂದರೆ ಮದುವೆಮನೆಯವರು ಏನಂದಾರು? ನಡೆದದ್ದು ಅದೇ. ಆಮೇಲೆ ದೇವಶಾಸ್ತ್ರಜ್ಞರು ಕೂತು ದೃಢೀಕರಣ ಪ್ರೌಢರ ಸಂಸ್ಕಾರ, ತಿಳಿದು ಒಪ್ಪುವವರ ಸಂಸ್ಕಾರ ಎಂದು ಅರ್ಥ ಕಟ್ಟಿದರು. ಬಿಷಪ್ ಬರಲು ತಡವಾದದ್ದಕ್ಕೆ ಹುಟ್ಟಿದ ಅರ್ಥ ಅದು. ಸುಳ್ಳೆನ್ನುವುದಿಲ್ಲ, ತಡವಾಗಿ ಬಂದದ್ದೆನ್ನುತ್ತೇನೆ.

ನೀರಿಗೆ ಮುಂಚೆಯೇ ಸತ್ತವರ ಗತಿ? ಅದಕ್ಕೂ ಒಂದು ಉತ್ತರ ಈ ಊರಿನಿಂದಲೇ ಬಂತು. 392ರಲ್ಲಿ ಯುವ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್, ಅಂಬ್ರೋಸರನ್ನು ಮುತ್ತಿದ ಅದೇ ಯುಸ್ತೀನಾಳ ಮಗ, ದೀಕ್ಷಾಸ್ನಾನ ಕೊಡಲು ಬನ್ನಿ ಎಂದು ಅವರಿಗೇ ಹೇಳಿಕಳಿಸಿದ್ದ. ಅವರು ದಾರಿಯಲ್ಲಿದ್ದಾಗ ಹುಡುಗ ಗಾಲ್ ನಾಡಿನ ವಿಯೆನ್ನಿನಲ್ಲಿ ಸತ್ತ. ಶವಸಂಸ್ಕಾರದ ಪ್ರಸಂಗದಲ್ಲಿ ಅಂಬ್ರೋಸ್ ಅವನ ತಂಗಿಯರನ್ನು ಸಂತೈಸಿದರು: ಅವನು ಬಯಸಿದ, ಬೇಡಿದ, ಬೇಡಿದ್ದು ಸಿಕ್ಕಿದೆ. ‘ನಿಜವಾಗಿ ಪಡೆದು ಇಲ್ಲವೇ ಬಯಸಿಯಾದರೂ’ ಎಂಬ ಪರ್ಯಾಯ ಇಂದಿನ 849ನೇ ವಿಧಿಯಲ್ಲಿ ಕೂತಿದೆ. ಬಯಸಲೂ ಬಾರದ ಕೂಸುಗಳ ವಿಷಯಕ್ಕೆ, ಭರವಸೆಯಿಡಲು ಗಟ್ಟಿಯಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ.

ಆ ಎಂಟು ಮೂಲೆಯ ಕೊಳ ಇಂದಿಗೂ ಇದೆ. 1960ರ ದಶಕದ ಆರಂಭದಲ್ಲಿ ಮಿಲಾನಿನಲ್ಲಿ ಮೆಟ್ರೋಗೆಂದು ನೆಲ ಅಗೆದ ಕಾಲದಲ್ಲಿ ಬಯಲಾಯಿತು. ಈಗಿನ ಡುವೊಮೊ ಮಹಾದೇವಾಲಯದ ಒಳಗಿಂದ ಮೆಟ್ಟಿಲಿಳಿದು ಹೋಗಿ ನೋಡಬಹುದು. ನೀರಿಲ್ಲ. ಆದರೆ ಆ ರಾತ್ರಿಯ ಮೂರೂ ಕೂಡಿದ ಕ್ರಮವನ್ನು ನೋಡಲು ಮಿಲಾನಿಗೆ ಹೋಗಬೇಕಾಗಿಲ್ಲ, ದಕ್ಷಿಣ ಕನ್ನಡ, ಉಡುಪಿ ಸಾಕು.

ಬೆಳ್ತಂಗಡಿ ಸೀಮೆಯ ಒಂದು ಭಾನುವಾರ ಎಂದಿಟ್ಟುಕೊಳ್ಳಿ. ಮಂಗಳೂರು ಧರ್ಮಪ್ರಾಂತದ ಲ್ಯಾಟಿನ್ ಇಗರ್ಜಿಯಲ್ಲಿ ಕೂಸಿಗೆ ಸ್ನಾನ. ಜ್ಞಾನತಾಯಿಯ ತೋಳಲ್ಲಿ ಕೂಸು ಅರಚುತ್ತಿದೆ. ಗುರುಗಳು ಮೂರು ಸಲ ನೀರು ಹೊಯ್ದು, ಪುಟ್ಟ ಡಬ್ಬಿ ತೆರೆಯುತ್ತಾರೆ. ಸುಗಂಧ ಬೆರೆತ ಎಣ್ಣೆ, ಬಿಷಪ್ ಪವಿತ್ರೀಕರಿಸಿದ್ದು. ಹೆಬ್ಬೆರಳು ಅದ್ದಿ ಕೂಸಿನ ನೆತ್ತಿಗೆ ಹಚ್ಚುತ್ತಾರೆ. ನೆತ್ತಿಗೆ, ಹಣೆಗಲ್ಲ. ಇನ್ನೊಸೆಂಟರ ಪತ್ರ ಇನ್ನೂ ಜಾರಿಯಲ್ಲಿದೆ. ಅದೇ ಹೆಬ್ಬೆರಳು, ಅದೇ ಎಣ್ಣೆ, ನಾಲ್ಕು ಬೆರಳು ಕೆಳಗೆ ಬಂದರೆ ದೃಢೀಕರಣ. ಆ ನಾಲ್ಕು ಬೆರಳು ಇಳಿಯಲು ಕೂಸು ಹೈಸ್ಕೂಲಿಗೆ ಬರಬೇಕು, ಬಿಷಪ್ ಊರಿಗೆ ಬರಬೇಕು. 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಸಿರೋ-ಮಲಬಾರ್ ಧರ್ಮಪ್ರಾಂತದ ಇಗರ್ಜಿಯಲ್ಲಿ ಅದೇ ಬೆಳಗ್ಗೆ ಇನ್ನೊಂದು ಕೂಸಿದ್ದರೆ, ಅಲ್ಲಿನ ಗುರು ಸ್ನಾನದ ಬೆನ್ನಿಗೇ ಹಣೆಗೆ ತೈಲದ ಮುದ್ರೆ ಹಾಕುತ್ತಾರೆ. ಎರಡೂ ಕಥೋಲಿಕ ಇಗರ್ಜಿಗಳೇ, ಪೋಪ್ ಒಬ್ಬರೇ. ಸಿರೋ-ಮಲಬಾರ್ ಸಭೆಯದು 1990ರ ಪೂರ್ವಸಭೆಗಳ ಸಂಹಿತೆ. ಅದರ ಪ್ರಕಾರ ಪೂರ್ವದ ಯಾವ ಯಾಜಕನೂ ದೃಢೀಕರಿಸಬಲ್ಲ. ಲ್ಯಾಟಿನ್ ಗುರು ಅಧಿಕಾರವಿಲ್ಲದೆ ಹಾಗೆ ಮಾಡಿದರೆ ಅಸಿಂಧು. ಬ್ರಹ್ಮಾವರದ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಮನೆಗಳಲ್ಲಿ ಇನ್ನೂ ಪೂರ್ತಿ: ನೀರು, ತೈಲ, ಪವಿತ್ರ ಕುರ್ಬಾನ, ಎಲ್ಲ ಅದೇ ದಿನ, ಹಲ್ಲು ಬಾರದ ಕೂಸಿಗೆ.

ಲ್ಯಾಟಿನ್ ಕಾನೂನಿಗೂ ಮಿಲಾನ್ ಪೂರ್ತಿ ಮರೆತುಹೋಗಿಲ್ಲ. ವಯಸ್ಕರ ದೀಕ್ಷಾವಿಧಿಯನ್ನು 1972ರಲ್ಲಿ ಮತ್ತೆ ಹಳೆಯ ಕ್ರಮಕ್ಕೆ ತಂದರು; ಪಾಸ್ಕ ಜಾಗರಣೆಯೇ ಅದರ ರಾತ್ರಿ. ವಯಸ್ಕರ ದೀಕ್ಷಾಸ್ನಾನದ ವಿಷಯವನ್ನು ಮೊದಲು ಬಿಷಪ್ಪರಿಗೆ ತಿಳಿಸಬೇಕು, ಬೇಕಿದ್ದರೆ ಅವರೇ ಮಾಡಲಿ ಎನ್ನುತ್ತದೆ 863ನೇ ವಿಧಿ. ಅವರು ಬಾರದಿದ್ದರೆ, ಸ್ನಾನ ಕೊಟ್ಟ ಗುರುವಿಗೇ ಕಾನೂನು ಆ ರಾತ್ರಿ ದೃಢೀಕರಿಸುವ ಅಧಿಕಾರ ಕೊಡುತ್ತದೆ. ಕೊಟ್ಟ ಅಧಿಕಾರವನ್ನು ಬಳಸದೆ ಬಿಡುವಂತಿಲ್ಲ. ಏಳು ವರ್ಷ ತುಂಬಿ ವಿವೇಕ ಬಂದವರೆಲ್ಲ ದೃಢೀಕರಣದ ಈ ಲೆಕ್ಕಕ್ಕೆ ವಯಸ್ಕರು.

ಹಾಗಾದರೆ ಯಾವುದೋ ಧರ್ಮಕೇಂದ್ರದಲ್ಲಿ ಪಾಸ್ಕದ ರಾತ್ರಿ ತಾಯಿ, ಎಂಟು ವರ್ಷದ ಮಗಳು, ಎರಡು ವರ್ಷದ ಮಗ ಮೂವರೂ ದೀಕ್ಷೆಗೆ ನಿಂತಿದ್ದಾರೆ ಎನ್ನಿ. ಮೂವರಿಗೂ ಒಂದೇ ತೊಟ್ಟಿಯ ನೀರು. ಗುರುಗಳು ತಾಯಿಯ ಹಣೆಗೆ ತೈಲ ಹಚ್ಚುತ್ತಾರೆ, ಮಗಳ ಹಣೆಗೂ ಹಚ್ಚುತ್ತಾರೆ. ಇಬ್ಬರೂ ಸ್ವಲ್ಪ ಹೊತ್ತಿಗೆ ಪರಮಪ್ರಸಾದಕ್ಕೆ ನಡೆಯುತ್ತಾರೆ. ಮಗನಿಗೆ ಮಾತ್ರ ನೆತ್ತಿಗೆ. ಅಕ್ಕನಿಗೆ ಸಿಕ್ಕಿದ್ದು ನನಗೂ ಬೇಕೆಂದು ಅವನು ಕೈಚಾಚಿದರೆ, ಗುರುಗಳು ತಲೆ ಸವರಿ ಮುಂದೆ ಹೋಗಬೇಕು.